ಪಾದವಿಲ್ಲದ ಕಡಲಹೂಗಳ ಕುಲಗೋತ್ರ

ಸೀ ಅನಿಮೋನ್ ಎಂಬ ಕಡಲಹೂಗಳಲ್ಲಿ ಹೆಚ್ಚಿನವು ಅಗಲವಾದ ಪಾದತಟ್ಟೆಯಿಂದ ಬಂಡೆಗೆ ಅಂಟಿಕೊಂಡಿರುತ್ತವೆ. ಮರಳು, ಕೆಸರಿನಲ್ಲಿ ಹೂತುಕೊಂಡು ಬದುಕುವ ಬಗೆಗಳಿಗೆ ಆ ತಟ್ಟೆ ಇಲ್ಲ. ಅವುಗಳ ಮೈ ಹುಳುವಿನಂತೆ ನೀಳ. ಕೆಳತುದಿಯಲ್ಲಿ ಫೈಸಾ ಎಂಬ ಗುಳ್ಳೆ. ಒಡಲಿನ ನೀರು ಕೆಳಕ್ಕಿಳಿದರೆ ಗುಳ್ಳೆ ಉಬ್ಬಿ ಮರಳನ್ನು ಒತ್ತಿ ಹಿಡಿಯುತ್ತದೆ; ಆಮೇಲೆ ಉದ್ದುದ್ದದ ಸ್ನಾಯುಗಳು ಕುಗ್ಗಿ ಮೈಯನ್ನು ಒಳಗೆಳೆಯುತ್ತವೆ. ಹೂತ ಮೇಲೆ ಹೊರಗೆ ಕಾಣುವುದು ಬಾಯಿಯ ಸುತ್ತಲಿನ ಗ್ರಹಣಾಂಗಗಳು ಮಾತ್ರ.

ಒಡಲೊಳಗೆ ಮೆಸೆಂಟರಿ ಎಂಬ ಉದ್ದನೆಯ ಪರದೆಗಳಿವೆ. ಕ್ವಾಟ್ರ್‌ಫಾಜ್ 1842ರಲ್ಲಿ ಹೆಸರಿಟ್ಟ ಎಡ್ವರ್ಡ್‌ಸಿಯಾ ಕುಲದಲ್ಲಿ ಪೂರ್ಣ ಬೆಳೆದ ಪರದೆಗಳು ಎಂಟೇ.

ಹತ್ತೊಂಬತ್ತನೆಯ ಶತಮಾನದ ನಡುವೆ ಇಂಗ್ಲೆಂಡಿನ ಫಿಲಿಪ್ ಹೆನ್ರಿ ಗಾಸ್ ಅಂಥವರು ಜೀವಂತ ಪ್ರಾಣಿಯ ಬಣ್ಣ, ಆಕಾರ ನೋಡಿ ಬಗೆಗಳನ್ನು ಗುರುತಿಸುತ್ತಿದ್ದರು. ಮುಂದೆ ಆ ಕೆಲಸ ಸೂಕ್ಷ್ಮದರ್ಶಕದ ಮೇಜಿಗೆ ಬಂತು. ಪ್ರಾಣಿಯನ್ನು ನೇರವಾಗಿ ಫಾರ್ಮಲಿನ್‌ಗೆ ಹಾಕಿದರೆ ಅದು ಮುದುಡಿ ಗಂಟಾಗುತ್ತದೆ. ಆದ್ದರಿಂದ ಮೊದಲು ಮೆಂಥಾಲ್ ಇಲ್ಲವೇ ಮೆಗ್ನೀಸಿಯಂ ಕ್ಲೋರೈಡ್‌ನಿಂದ ಜಡಗೊಳಿಸಿ, ಫಾರ್ಮಲಿನ್‌ಗೆ ಹಾಕಿ, ಬಳಿಕ ಮೇಣದಲ್ಲಿ ಹುದುಗಿಸಿ, ಮೈಕ್ರೋಟೋಮ್‌ನಲ್ಲಿ ತೆಳುವಾಗಿ ಕೊಯ್ದು ಬಣ್ಣ ಹಾಕುತ್ತಿದ್ದರು. ಪರದೆಗಳ ಎಣಿಕೆ, ಸ್ನಾಯುವಿನ ಮಡಿಕೆ, ಕುಟುಕುಕೋಶಗಳ ಅಳತೆ ಎಲ್ಲವೂ ದಾಖಲಾಗುತ್ತಿದ್ದವು. ಸ್ವೀಡನ್ನಿನ ಓಸ್ಕರ್ ಕಾರ್ಲ್‌ಗ್ರೆನ್ ತಮ್ಮ 1949ರ ಸಮಗ್ರ ಪಟ್ಟಿಯಲ್ಲಿ ಪಾದದ ಸ್ನಾಯುಗಳಿಲ್ಲದ ಬಿಲವಾಸಿಗಳನ್ನು ಅಥೆನಾರಿಯಾ ಎಂಬ ಒಂದೇ ಗುಂಪಿಗೆ ಸೇರಿಸಿದ್ದರು.

ಅಷ್ಟರಲ್ಲಿ ಒಂದು ಪುಟ್ಟ ಪ್ರಾಣಿ ಪ್ರಯೋಗಾಲಯ ಸೇರುವ ಹಾದಿಯಲ್ಲಿತ್ತು. ಟಿ.ಎ. ಸ್ಟೀಫನ್‌ಸನ್ 1935ರಲ್ಲಿ ವರ್ಣಿಸಿದ ನೆಮಟೊಸ್ಟೆಲ್ಲಾ ವೆಕ್ಟೆನ್ಸಿಸ್, ಉಪ್ಪುನೀರಿನ ಜೌಗಿನ ಮೆತ್ತನೆಯ ಕೆಸರಿನಲ್ಲಿರುವ ಬಗೆ. ಗಾಜಿನ ಬಟ್ಟಲಲ್ಲೇ ಅದು ಮೊಟ್ಟೆಯಿಟ್ಟು ಪೀಳಿಗೆ ಮುಂದುವರಿಸುವುದನ್ನು ಕ್ಯಾಡೆಟ್ ಹ್ಯಾಂಡ್ ಮತ್ತು ಕೆವಿನ್ ಉಲಿಂಗರ್ 1992ರಲ್ಲಿ ವಿವರಿಸಿದರು. 2007ರಲ್ಲಿ ಅದರ ಜೀನೋಮ್ ಪ್ರಕಟವಾಯಿತು.

ಡಿಎನ್ಎ ಹೋಲಿಕೆ ಅಥೆನಾರಿಯಾ ಎಂಬ ಹಳೆಯ ಗುಂಪನ್ನು ಒಡೆಯಿತು. ಎಸ್ಟೆಫಾನಿಯಾ ರೊಡ್ರಿಗೆಸ್ ಮತ್ತು ಸಂಗಡಿಗರ 2014ರ ವರ್ಗೀಕರಣದಲ್ಲಿ ಎಡ್ವರ್ಡ್‌ಸಿಯಾ, ನೆಮಟೊಸ್ಟೆಲ್ಲಾಗಳ ಕುಟುಂಬ ಆನೆಂಥೆಮೋನೆ ಉಪಗಣಕ್ಕೆ ಹೋಯಿತು. ಪೀಚಿಯಾ, ಹಾಲ್ಕಾಂಪಾದಂಥ ಇತರ ಬಿಲವಾಸಿಗಳು ಬಂಡೆಗಂಟಿದ ಬಗೆಗಳ ಜೊತೆಗೆ ಎಂಥೆಮೋನೆಯಲ್ಲಿ ನಿಂತವು. ಪಾದತಟ್ಟೆ ಬೇರೆ ಬೇರೆ ವಂಶಗಳಲ್ಲಿ ಪ್ರತ್ಯೇಕವಾಗಿ ಇಲ್ಲವಾಗಿರುವುದರಿಂದ, ಅದಿಲ್ಲ ಎಂಬ ಒಂದೇ ಕಾರಣಕ್ಕೆ ನಂಟು ಹೇಳಲಾಗದು ಎಂಬುದು ಇದರಿಂದ ಖಚಿತವಾಯಿತು. ಕೊಳವೆಯೊಳಗೆ ವಾಸಿಸುವ ಸೆರಿಯಾಂಥಸ್ ನೋಟಕ್ಕೆ ಇವುಗಳಂತಿದ್ದರೂ ಬೇರೆಯೇ ಗಣಕ್ಕೆ ಸೇರಿದ್ದು.

ಹಾಗೆಂದು ಮೈಕ್ರೋಟೋಮ್ ಮೂಲೆ ಸೇರಿಲ್ಲ. ಅಂಟಾರ್ಕ್ಟಿಕದ ರಾಸ್ ಹಿಮಚಾಚಿನ ಅಡಿಯಲ್ಲಿ ಮಂಜುಗಡ್ಡೆಯನ್ನೇ ಕೊರೆದು ತಲೆಕೆಳಗಾಗಿ ತೂಗುವ ಎಡ್ವರ್ಡ್‌ಸಿಯೆಲ್ಲಾ ಆಂಡ್ರಿಲೆಯನ್ನು 2013ರಲ್ಲಿ ಹೊಸ ಪ್ರಭೇದವೆಂದು ವರ್ಣಿಸಿದಾಗಲೂ ಒಳರಚನೆ ಮತ್ತು ಕುಟುಕುಕೋಶಗಳ ಅಳತೆಯೇ ಆಧಾರವಾಗಿದ್ದವು.