ದನ ಕಾಯೋಕೆ ಲಾಯಕ್ಕು

"ದನ ಕಾಯೋಕೆ ಲಾಯಕ್ಕು ನೀನು" ಅಂತ ಏಳನೇ ಕ್ಲಾಸಲ್ಲಿ ಮೇಷ್ಟ್ರು ಅಂದಿದ್ದರು. ಒಂದು ಲೆಕ್ಕ ತಪ್ಪಿತ್ತು, ಅಷ್ಟೇ.

ಮೊನ್ನೆ ನ್ಯಾಟ್ ಲವ್ ಬಗ್ಗೆ ಓದುವಾಗ ಆ ಮಾತು ಮತ್ತೆ ಚುಚ್ಚಿತು. 1854ರಲ್ಲಿ ಅಮೆರಿಕದ ಟೆನೆಸ್ಸೀಯಲ್ಲಿ ಗುಲಾಮನಾಗಿ ಹುಟ್ಟಿದ ಕಪ್ಪು ಮನುಷ್ಯ, ಬಿಡುಗಡೆಯಾದ ಮೇಲೆ ಪಶ್ಚಿಮಕ್ಕೆ ಹೋಗಿ ಕೌಬಾಯ್ ಆದ. (ನಾವು ಸಿನಿಮಾದಲ್ಲಿ ನೋಡಿದ ಕೌಬಾಯ್‌ಗಳೆಲ್ಲ ಬಿಳಿಯರೇ, ಅದು ಬಿಡಿ.) ಅಲ್ಲಿ ಹಲವು ಮಾಲೀಕರ ದನ ಬೇಲಿಯಿಲ್ಲದ ಬಯಲಲ್ಲಿ ಬೆರೆತು ಮೇಯುತ್ತಿದ್ದವು. ಎಲ್ಲವನ್ನೂ ಒಂದೆಡೆ ಕೂಡಿಸಿ, ಮೈಮೇಲಿನ ಬರೆ ನೋಡಿ, ಯಾರದು ಯಾರಿಗೆ ಅಂತ ಬೇರೆ ಮಾಡಬೇಕು. ಕರುಗಳಿಗೆ ಇನ್ನೂ ಬರೆ ಬಿದ್ದಿರಲ್ಲ. ಯಾವ ತಾಯಿ ಹಿಂದೆ ಹೋಗುತ್ತೋ ಅದೇ ಗುರುತು. ಅದೂ ಧೂಳಲ್ಲಿ, ಕುದುರೆ ಮೇಲೆ ಕೂತು, ಹಿಂಡು ಬೆದರದ ಹಾಗೆ. ಬರೆ ಓದೋದರಲ್ಲಿ ತಾನು ಪಳಗಿದವನು ಅಂತ ಆತ 1907ರ ಆತ್ಮಕಥೆಯಲ್ಲಿ ಹೆಮ್ಮೆಯಿಂದ ಬರೆದುಕೊಂಡಿದ್ದಾನೆ. ಓಡಿಹೋದ ಗುಲಾಮರಿಗೂ ಕಬ್ಬಿಣ ಕಾಯಿಸಿ ಬರೆ ಎಳೆದ ದೇಶ ಅದು.

ನಮ್ಮ ತಾತ ಊರ ದನ ಕಾಯ್ತಿದ್ದ. ಅಕ್ಷರ ಬರ್ತಿರಲಿಲ್ಲ. ಸಂಜೆ ಊರಬಾಗಿಲಲ್ಲಿ ನಿಂತು ಕೊಂಬು, ಸುಳಿ, ಮಚ್ಚೆ ನೋಡಿ ಅರವತ್ತು ದನಾನ ಮನೆಮನೆಗೂ ಬೇರೆ ಮಾಡ್ತಿದ್ದ. ದನ ಒಳಗೆ ಹೋಗ್ತಿತ್ತು, ತಾತ ಬೀದೀಲೇ ನಿಂತು ಕೂಗಿ ಹೇಳಿ ಬರ್ತಿದ್ದ.

ನಾನು ಆಫೀಸಲ್ಲಿ ಟಪಾಲು ವಿಂಗಡಿಸ್ತೀನಿ. ದಿನಕ್ಕೆ ಎರಡಾದರೂ ತಪ್ಪು ಟೇಬಲ್ಲಿಗೆ ಹೋಗ್ತವೆ.