ಮಾವನ ಮಳೆಕೋಟು ಕಲಿಸಿದ ಪಾಠ

ಮಕ್ಕಳೇ, ತುಂಗಭದ್ರಾ ನದಿಯಲ್ಲಿ ಹರಿಗೋಲು ತೇಲುವುದನ್ನು ನೋಡಿದ್ದೀರಾ? ದೊಡ್ಡ ಬುಟ್ಟಿಯಂತಹ ದುಂಡನೆಯ ದೋಣಿ ಅದು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಂತಹ ದೋಣಿಗಳ ಬಗ್ಗೆ ಬರೆದಿದ್ದಾನೆ. ಆಗ ಹೊರಗೆ ಚರ್ಮ ಹೊದಿಸುತ್ತಿದ್ದರು. ಈಚೆಗೆ ಬಿದಿರಿನ ಬುಟ್ಟಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ನೀರನ್ನು ತಡೆಯುವುದು ಈ ಹೊದಿಕೆಯೇ.

ನನ್ನ ಸೋದರಮಾವ ಆನೆಗೊಂದಿಯ ಬಳಿ ಹರಿಗೋಲು ನಡೆಸುತ್ತಿದ್ದರು. ಮಳೆಗಾಲದಲ್ಲಿ ಹುಟ್ಟು ಹಾಕುವಾಗ ತೊಡಲು ಅವರ ಬಳಿ ಒಂದು ನೈಲಾನ್ ಕೋಟು ಇತ್ತು. ಒಂದು ದಿನ ಅದನ್ನು ತೊಟ್ಟುಕೊಂಡು ನಾನು ದಡದಲ್ಲಿ ಆಡುತ್ತಿದ್ದೆ. ಹೊಸದಾಗಿ ಡಾಂಬರು ಬಳಿದ ಹರಿಗೋಲಿಗೆ ಒರಗಿದ್ದೇ ತಪ್ಪಾಯಿತು. ಕೋಟಿನ ಬೆನ್ನೆಲ್ಲ ಕಪ್ಪು!

ಸೋಪು ಹಾಕಿ ಉಜ್ಜಿದೆ, ಹೋಗಲಿಲ್ಲ. ಬಾಗಿಲಿಗೆ ಬಣ್ಣ ಬಳಿದಾಗ ಉಳಿದಿದ್ದ ಥಿನ್ನರ್ ಕಣ್ಣಿಗೆ ಬಿತ್ತು. ಬಟ್ಟೆಗೆ ಅದ್ದಿ ಒರೆಸಿದೆ. ಕಲೆ ಮಾಯ! ಯಾರಿಗೂ ಹೇಳದೆ ಕೋಟನ್ನು ಗೂಟಕ್ಕೆ ನೇತುಹಾಕಿದೆ.

ಮರುದಿನ ನಡುಹೊಳೆಯಲ್ಲಿ ಮಾವನಿಗೆ ಜೋರು ಮಳೆ ಸಿಕ್ಕಿತು. ಮನೆಗೆ ಬಂದಾಗ ಪೂರ್ತಿ ತೊಯ್ದು ಗಡಗಡ ನಡುಗುತ್ತಿದ್ದರು. ಕೋಟಿನ ಒಳಗಡೆ ಬೆನ್ನಿನ ಭಾಗದಲ್ಲಿ ತೆಳುವಾದ ಪೊರೆ ಹಾವಿನ ಪೊರೆಯಂತೆ ಸುಲಿದು ಬಂದಿತ್ತು. ನಾನು ಅಳುತ್ತಾ ನಡೆದುದನ್ನು ಹೇಳಿದೆ. ಮಾವ ಬೈಯಲಿಲ್ಲ. “ಕಪ್ಪಾಗಿದ್ರೂ ಇರಲಿ ಬಿಡು ತಮ್ಮಾ, ನೀರು ತಡೀತಿತ್ತಲ್ಲ” ಎಂದರು. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು.

ಹೀಗೇಕಾಯಿತು? ಉತ್ತರ ಸಿಕ್ಕಿದ್ದು ನಾನು ವಿಜ್ಞಾನ ಓದಿದ ಮೇಲೆ. ನೈಲಾನ್ ನೇಯ್ಗೆಯಲ್ಲಿ ಸಣ್ಣ ಸಣ್ಣ ಸಂದುಗಳಿರುತ್ತವೆ. ಆದ್ದರಿಂದ ಇಂತಹ ಕೋಟುಗಳ ಒಳಮೈಗೆ ಪಾಲಿಯುರಥೇನ್ ಎಂಬ ವಸ್ತುವಿನ ತೆಳು ಲೇಪ ಕೊಡುತ್ತಾರೆ. ನೀರು ತಡೆಯುವುದು ಆ ಲೇಪ. ಥಿನ್ನರ್ ಹಲವು ದ್ರಾವಕಗಳ ಮಿಶ್ರಣ. ಅದು ಡಾಂಬರನ್ನು ಕರಗಿಸಿತು, ನಿಜ. ಆದರೆ ಬಟ್ಟೆಯೊಳಗೆ ಇಳಿದು ಲೇಪವನ್ನೂ ಉಬ್ಬಿಸಿ ಅದರ ಹಿಡಿತ ಸಡಿಲಿಸಿತು. ಕಲೆಯ ಜೊತೆ ಕೋಟಿನ ಗುಣವೂ ಹೋಯಿತು!

ಇನ್ನೂ ದೊಡ್ಡ ಅಪಾಯ ತಪ್ಪಿತ್ತು. ಥಿನ್ನರ್ ಮತ್ತು ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ನೆಲದ ಮೇಲೆ ಹರಡಿ ದೂರದ ಒಲೆಯ ಬೆಂಕಿಯನ್ನೂ ತಲುಪಬಲ್ಲದು. ಉಸಿರಾಡಿದರೆ ತಲೆ ಸುತ್ತುತ್ತದೆ. ನೀವು ಇವನ್ನು ಮುಟ್ಟಲೇಬೇಡಿ.

ಹಾಗಾದರೆ ಏನು ಮಾಡಬೇಕಿತ್ತು? ಉತ್ತರ ನಮ್ಮ ಅಜ್ಜಿಗೆ ಗೊತ್ತಿತ್ತು! ಹಲಸಿನಹಣ್ಣು ಬಿಡಿಸುವ ಮೊದಲು ಆಕೆ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ನೀರಿಗೆ ಬಗ್ಗದ ಅಂಟು ಎಣ್ಣೆಗೆ ಬಗ್ಗುತ್ತದೆ. ಸಕ್ಕರೆ ನೀರಿನಲ್ಲಿ ಕರಗುತ್ತದೆ. ಡಾಂಬರಿನಂತಹ ಜಿಡ್ಡು ಪದಾರ್ಥ ಎಣ್ಣೆಯಲ್ಲಿ ಮೆದುವಾಗುತ್ತದೆ. ಒಂದೇ ಬಗೆಯ ವಸ್ತುಗಳು ಒಂದರಲ್ಲೊಂದು ಬೆರೆಯುತ್ತವೆ. ಎಣ್ಣೆ ನಿಧಾನವಾಗಿ ಕೆಲಸ ಮಾಡಿದರೂ ಥಿನ್ನರಿನಷ್ಟು ಉಗ್ರವಲ್ಲ. ಕಲೆ ಸಡಿಲವಾದ ಕೂಡಲೇ ಸೋಪುನೀರಿನಿಂದ ಎಣ್ಣೆಯನ್ನು ತೊಳೆಯಬೇಕು. ಸೋಪಿನ ಅಣುವಿನ ಒಂದು ತುದಿ ಎಣ್ಣೆಯನ್ನು, ಇನ್ನೊಂದು ತುದಿ ನೀರನ್ನು ಹಿಡಿಯುತ್ತದೆ. ಹೀಗೆ ಎಣ್ಣೆ ನೀರಿನೊಂದಿಗೆ ಹೊರಟುಹೋಗುತ್ತದೆ. ಬಳಿಕ ಚೆನ್ನಾಗಿ ಜಾಲಿಸಿ ನೆರಳಿನಲ್ಲಿ ಒಣಗಿಸಿದರಾಯಿತು.

ಈಗ ನಾನು ಯಾವ ಮಳೆಕೋಟನ್ನು ತೊಳೆಯುವಾಗಲೂ ಮೊದಲು ಅದರ ಚೀಟಿ ಓದುತ್ತೇನೆ. ಬರಿ ಸೋಪುನೀರಿನಿಂದ ಶುರು ಮಾಡುತ್ತೇನೆ. ಎಣ್ಣೆ ಬೇಕಾದರೆ ಒಳಗಿನ ಮೂಲೆಯಲ್ಲಿ ಒಂದು ತೊಟ್ಟು ಹಚ್ಚಿ, ಒಣಗಿದ ಮೇಲೆ ಲೇಪ ಗಟ್ಟಿಯಾಗಿದೆಯೇ ಎಂದು ನೋಡಿಯೇ ಮುಂದಿನ ಕೆಲಸ.

ಮಾಡಿ ನೋಡಿ: ಹಳೆಯ ಮಳೆಕೋಟಿನ ಎರಡು ತುಂಡುಗಳಿಗೆ ಹಲಸಿನ ಅಂಟು ಹಚ್ಚಿ. ಒಂದನ್ನು ನೀರಿನಿಂದ, ಇನ್ನೊಂದನ್ನು ಕೊಬ್ಬರಿ ಎಣ್ಣೆಯಿಂದ ಒರೆಸಿ. ಯಾವುದು ಬೇಗ ಶುಚಿಯಾಯಿತು? ಎರಡೂ ಈಗಲೂ ನೀರು ತಡೆಯುತ್ತವೆಯೇ? ಕಂಡದ್ದನ್ನು ಬರೆದು ನಿಮ್ಮ ಶಿಕ್ಷಕರಿಗೆ ತೋರಿಸಿ.