ಹೊರಬಲ್ಲಷ್ಟೇ ಗಂಟು

ಟೋಕಿಯೋ ನಗರದಲ್ಲಿ, ಸುಮಿದಾ ನದಿಯ ಪೂರ್ವದಂಡೆಗೆ ಸಮೀಪದಲ್ಲಿ, ಯೊಕೊಅಮಿಚೋ ಎಂಬ ಉದ್ಯಾನವಿದೆ. ಮರಗಳ ತಂಪು ನೆರಳಿನಲ್ಲಿ ಒಂದು ಸ್ಮಾರಕಮಂದಿರ; ಅದರ ಹಿಂದೆ ಮೂರಂತಸ್ತಿನ ಗೋಪುರ. 1923ರಲ್ಲಿ ಇದು ಸೈನ್ಯದ ಉಡುಪು ಕಾರ್ಖಾನೆ ತೆರವು ಮಾಡಿದ್ದ ಬರಿಯ ಬಯಲು. ಆ ವರ್ಷದ ಸೆಪ್ಟೆಂಬರ್ 1ರಂದು, ಮಧ್ಯಾಹ್ನದ ಅಡುಗೆಯ ಹೊತ್ತಿನಲ್ಲಿ, ಭೂಮಿ ನಡುಗಿತು. ಒಲೆಗಳ ಬೆಂಕಿ ಬೀದಿಬೀದಿಗೆ ಹಬ್ಬಿತು. ಜನರು ಹಾಸಿಗೆ, ಪೆಟ್ಟಿಗೆ, ಪೀಠೋಪಕರಣಗಳನ್ನು ಹೇರಿಕೊಂಡು ಇಲ್ಲಿಗೆ ಧಾವಿಸಿದರು. ಹಾರಿಬಂದ ಕಿಡಿಗಳಿಗೆ ಆ ಸಾಮಾನುಗಳೇ ಸೌದೆಯಾದುವು. ಇದೊಂದೇ ಬಯಲಿನಲ್ಲಿ ಸುಮಾರು 38,000 ಜನ ಮಡಿದರು.

ಜಪಾನೀಯರು ಆ ದಿನವನ್ನು ಮರೆತಿಲ್ಲ. 1960ರಿಂದ ಸೆಪ್ಟೆಂಬರ್ 1 ಅವರಿಗೆ ವಿಪತ್ತು ನಿವಾರಣಾ ದಿನ. ಅನೇಕ ಮನೆಗಳ ಬಾಗಿಲ ಬಳಿ ಒಂದು ಬೆನ್ನುಚೀಲ ಸದಾ ಸಿದ್ಧವಾಗಿರುತ್ತದೆ. ಅದರಲ್ಲಿ ನೀರು, ಬ್ಯಾಟರಿ ದೀಪ, ರೇಡಿಯೋ, ಸೀಟಿ, ಔಷಧ, ದಾಖಲೆಪತ್ರಗಳ ಪ್ರತಿ, ಸಾರ್ವಜನಿಕ ದೂರವಾಣಿಗೆಂದು ಹತ್ತು ಯೆನ್ ನಾಣ್ಯಗಳು. ಗಟ್ಟಿ ಬಿಸ್ಕತ್ತಿನ ಡಬ್ಬಿಯಲ್ಲಿ ಕೆಲವು ಸಕ್ಕರೆಯ ಹರಳುಗಳೂ ಉಂಟು. ನೀರಿಲ್ಲದ ವೇಳೆಯಲ್ಲಿ ಬಾಯಿ ಒದ್ದೆಯಾಗಿ ಒಣ ತುತ್ತು ಗಂಟಲಿಗಿಳಿಯಲೆಂದು.

ಚೀಲದ ತೂಕ ಗಂಡಸರಿಗೆ 15, ಹೆಂಗಸರಿಗೆ 10 ಕಿಲೋಗ್ರಾಂ ಮೀರಬಾರದೆಂಬುದು ಅಲ್ಲಿ ರೂಢಿಯ ಲೆಕ್ಕ. ತುಂಬಿದ ಚೀಲವನ್ನು ಒಮ್ಮೆ ಬೆನ್ನಿಗೇರಿಸಿ ಮೆಟ್ಟಿಲಿಳಿದು ನೋಡಬೇಕು. ಕಾಲು ತಡವರಿಸಿದರೆ, ಎಷ್ಟೇ ಪ್ರಿಯವಾದ ವಸ್ತುವಾದರೂ ಸರಿ, ತೆಗೆದು ಮನೆಯಲ್ಲಿಯೇ ಇಡಬೇಕು.